ಪೆಟ್ಟಾದರೂ ವಯಸ್ಸಾದರೂ ವ್ಯಾಯಾಮ ನಿಲ್ಲದಿರಲಿ: ಹಂತ ಹಂತದ ಮಾರ್ಗದರ್ಶಿ

ಕಾಲಿನ ಪ್ಲಾಸ್ಟರ್ ಬಿಚ್ಚಿದ ದಿನ ಎರಡೂ ತೊಡೆಗಳನ್ನು ಅಕ್ಕಪಕ್ಕ ಚಾಚಿ ನೋಡಿ. ಆರು ವಾರ ಕಟ್ಟಿನೊಳಗಿದ್ದ ತೊಡೆ ಕಣ್ಣಿಗೆ ಕಾಣುವಷ್ಟು ಸೊರಗಿರುತ್ತದೆ. ಚರ್ಮ ಒಣಗಿ ಹೊಟ್ಟು ಎದ್ದಿರುತ್ತದೆ. ಮೊಣಕಾಲಿನ ಚಿಪ್ಪಿನ ಮೇಲಿರುವ ಸ್ನಾಯು ಬೆರಳಿಗೆ ಮೆತ್ತಗೆ ಸಿಗುತ್ತದೆ. ಎಲುಬು ಕೂಡಿದೆ ಎಂದು ಎಕ್ಸ್-ರೇ ಹೇಳುತ್ತದೆ, ಆದರೆ ಕಾಲು ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ. ಕಲಬುರಗಿಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಬಳಿಗೆ ಬಹಳಷ್ಟು ಜನ ಬರುವುದು ಈ ಹಂತದಲ್ಲಿಯೇ. ಪೆಟ್ಟಿನಿಂದ ಆದ ತೊಂದರೆಗಿಂತ, ಪೆಟ್ಟಿನ ನಂತರ ಅಲುಗಾಡದೆ ಮಲಗಿದ್ದರಿಂದ ಆದ ತೊಂದರೆಯೇ ಅವರಲ್ಲಿ ಹಲವರಿಗೆ ಹೆಚ್ಚಾಗಿರುತ್ತದೆ.

ನಮ್ಮಲ್ಲಿ ಯಾರಾದರೂ ಬಿದ್ದರೆ ಇಡೀ ಓಣಿ ನೋಡಲು ಬರುತ್ತದೆ. ಮೋಸಂಬಿ, ಬ್ರೆಡ್ಡು ಹಿಡಿದು ಬಂದವರೆಲ್ಲ ಹೇಳುವ ಮಾತು ಒಂದೇ: "ಏಳಬೇಡಿ, ಮಲಗಿಯೇ ಇರಿ." ಅದು ಪ್ರೀತಿಯಿಂದ ಬಂದ ಮಾತೇ. ಆದರೆ ದೇಹದ ಲೆಕ್ಕ ಬೇರೆ ಇದೆ. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಸ್ನಾಯು ತಾನಾಗಿಯೇ ಕರಗುತ್ತದೆ, ಅರವತ್ತರ ನಂತರ ಆ ವೇಗ ಇನ್ನೂ ಹೆಚ್ಚುತ್ತದೆ. ಹಾಸಿಗೆ ಹಿಡಿದವರಲ್ಲಿ ವರ್ಷಗಟ್ಟಲೆ ಆಗಬೇಕಾದ ನಷ್ಟ ಕೆಲವೇ ದಿನಗಳಲ್ಲಿ ಆಗಿಬಿಡುತ್ತದೆ. ಯುವಕರು ಅದನ್ನು ಬೇಗ ತುಂಬಿಕೊಳ್ಳುತ್ತಾರೆ. ಎಪ್ಪತ್ತು ದಾಟಿದ ಮುತ್ಯಾನಿಗೆ ಅದನ್ನು ಮರಳಿ ಗಳಿಸಲು ತಿಂಗಳುಗಳೇ ಬೇಕು.

ಆದ್ದರಿಂದ ನಾನು ಎಲ್ಲರಿಗೂ ಹೇಳುವುದು ಇಷ್ಟು: ಪೆಟ್ಟಾದ ಭಾಗಕ್ಕೆ ವಿಶ್ರಾಂತಿ ಕೊಡಿ, ದೇಹಕ್ಕೆ ಕೊಡಬೇಡಿ. ಕೈ ಮುರಿದವರಿಗೆ ಎರಡು ಕಾಲುಗಳಿವೆ, ಕಾಲು ಮುರಿದವರಿಗೆ ಎರಡು ಕೈಗಳು, ಒಂದು ಕಾಲು, ಹೊಟ್ಟೆ, ಬೆನ್ನು ಎಲ್ಲವೂ ಇವೆ. ಇವತ್ತು ಯಾವುದು ಕೆಲಸ ಮಾಡಬಲ್ಲದು ಎಂದು ಹುಡುಕಿ, ಅದಕ್ಕೆ ಕೆಲಸ ಹಚ್ಚುವುದೇ ಈ ಬರಹದ ದಾರಿ.

ಹಂತ 1: ಮೊದಲು ಆಸ್ಪತ್ರೆಯೋ, ಮನೆಯೋ ನಿರ್ಧರಿಸಿ

ವ್ಯಾಯಾಮದ ಮಾತಿಗೆ ಮುಂಚೆ ಇದು ಇತ್ಯರ್ಥವಾಗಬೇಕು. ಪಾದ ಹೊರಳಿದ ಮೇಲೆ, ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಅಥವಾ ಕಣಕಾಲಿನ ಎಲುಬಿನ ಗಂಟನ್ನೇ ಒತ್ತಿದಾಗ ತೀವ್ರ ನೋವಾದರೆ ಎಕ್ಸ್-ರೇ ತೆಗೆಸಲೇಬೇಕು. ಕೈಕಾಲು ಸೊಟ್ಟಗೆ ಕಂಡರೆ, ಬೆರಳುಗಳು ಜೋಮು ಹಿಡಿದರೆ, ತಣ್ಣಗಾಗಿ ಬಣ್ಣ ಬದಲಾದರೆ ತಡ ಮಾಡಬೇಡಿ. ಬೆನ್ನುನೋವಿನ ಜೊತೆಗೆ ಕಾಲಿನ ಶಕ್ತಿ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅದು ತುರ್ತು ಸ್ಥಿತಿ. ಕೀಲು ಕೆಂಪಾಗಿ ಬಿಸಿಯಾಗಿ ಜ್ವರ ಬಂದರೂ ಹಾಗೆಯೇ. ಶಸ್ತ್ರಚಿಕಿತ್ಸೆಯ ನಂತರ ಅಥವಾ ಪ್ಲಾಸ್ಟರ್ ಇರುವಾಗ ಒಂದೇ ಮೀನಖಂಡ ಊದಿ ನೋಯತೊಡಗಿದರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇರುತ್ತದೆ, ಅದನ್ನು ತಿಕ್ಕಬೇಡಿ. ಜೊತೆಗೆ ಉಸಿರು ಸಿಕ್ಕಿಕೊಂಡಂತಾದರೆ ಆ ಕ್ಷಣವೇ ಹೊರಡಿ.

ನಮ್ಮ ಹಳ್ಳಿಗಳಲ್ಲಿ ಇಂದಿಗೂ ಮುರಿದ ಎಲುಬಿಗೆ ಬಿದಿರು ದಬ್ಬೆ ಇಟ್ಟು ಪಟ್ಟು ಕಟ್ಟಿಸುವವರಿದ್ದಾರೆ. ನಂಬಿಕೆಯ ವಿಷಯದಲ್ಲಿ ಜಗಳಕ್ಕೆ ನಿಲ್ಲುವುದು ನನ್ನ ಉದ್ದೇಶವಲ್ಲ. ಆದರೆ ಬಿಗಿಯಾದ ಕಟ್ಟಿನಿಂದ ರಕ್ತ ಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯಲು ಆರಂಭಿಸುತ್ತದೆ, ಕೈ ಶಾಶ್ವತವಾಗಿ ಮುದುಡಿಹೋಗಬಹುದು. ಮಕ್ಕಳ ವಿಷಯದಲ್ಲಂತೂ ಈ ಅಪಾಯಕ್ಕೆ ಕೈ ಹಾಕಲೇಬೇಡಿ. ಎಕ್ಸ್-ರೇ ಇಲ್ಲದೆ ಯಾವ ಕಟ್ಟೂ ಬೇಡ.

ಹಂತ 2: ಮೊದಲ ವಾರ

ಉಳುಕು, ಸ್ನಾಯು ಸೆಳೆತದಂಥ ಪೆಟ್ಟಿಗೆ ವಿಶ್ರಾಂತಿ, ಮಂಜುಗಡ್ಡೆ, ಒತ್ತುಪಟ್ಟಿ, ಎತ್ತರದಲ್ಲಿ ಇಡುವುದು ಎಂಬ ಸೂತ್ರವನ್ನು 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಜನಪ್ರಿಯಗೊಳಿಸಿದರು. ಹಲವು ವರ್ಷಗಳ ನಂತರ, ಮಂಜುಗಡ್ಡೆ ಮತ್ತು ಸಂಪೂರ್ಣ ವಿಶ್ರಾಂತಿ ಎರಡೂ ಗಾಯ ಮಾಯುವುದನ್ನು ತಡಮಾಡಬಹುದು ಎಂದು ಅವರೇ ಬರೆದರು. ಈಗಿನ ಪದ್ಧತಿ ಹೀಗಿದೆ: ಒಂದರಿಂದ ಮೂರು ದಿನ ಆ ಭಾಗದ ಮೇಲೆ ಭಾರ ತಗ್ಗಿಸಿ. ಕ್ರೇಪ್ ಬ್ಯಾಂಡೇಜ್ ಸುತ್ತಿ. ಮಲಗಿದಾಗ ದಿಂಬಿನ ಮೇಲೆ, ಎದೆಯ ಮಟ್ಟಕ್ಕಿಂತ ಎತ್ತರದಲ್ಲಿ ಇಡಿ. ನೋವು ಸಹಿಸಲಾಗದಿದ್ದರೆ ಬಟ್ಟೆ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಬಹುದು. ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುವುದು ಈ ದಿನಗಳಲ್ಲಿ ಬೇಡವೇ ಬೇಡ, ಒಳಗಿನ ರಕ್ತಸ್ರಾವ ಮತ್ತು ಊತ ಅದರಿಂದ ಹೆಚ್ಚುತ್ತವೆ.

ಇದೇ ವಾರದಲ್ಲಿ, ಮಂಚದ ಮೇಲೆಯೇ, ಈ ಕೆಲಸಗಳು ಆರಂಭವಾಗಲಿ. ಎಚ್ಚರವಿರುವ ಪ್ರತಿ ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಇಪ್ಪತ್ತು ಬಾರಿ ಆಡಿಸಿ, ಮೀನಖಂಡದ ರಕ್ತ ಮೇಲೇರಲು ಇದು ನೆರವಾಗುತ್ತದೆ. ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಹಾಸಿಗೆಗೆ ಒತ್ತುವಂತೆ ತೊಡೆಯನ್ನು ಬಿಗಿ ಮಾಡಿ, ಐದು ಎಣಿಸಿ ಬಿಡಿ. ಹತ್ತು ಬಾರಿ ಸಾಕು. ಕಾಲು ಪ್ಲಾಸ್ಟರಿನಲ್ಲಿದ್ದರೂ ವೈದ್ಯರ ಒಪ್ಪಿಗೆ ಇದ್ದರೆ ತೊಡೆಯನ್ನು ಹೀಗೆ ಬಿಗಿ ಮಾಡಬಹುದು. ಕೈ ಕಟ್ಟಿನಲ್ಲಿದ್ದರೆ ಬೆರಳುಗಳನ್ನು ಪೂರ್ತಿ ಮುಚ್ಚಿ ಪೂರ್ತಿ ತೆರೆಯಿರಿ, ಭುಜವನ್ನು ದಿನಕ್ಕೆ ಹಲವು ಬಾರಿ ಮೇಲೆತ್ತಿ. ಮಣಿಕಟ್ಟು ಮುರಿದವರು ಭುಜವನ್ನು ಮರೆತೇಬಿಡುತ್ತಾರೆ. ಎಲುಬು ಕೂಡುವಷ್ಟರಲ್ಲಿ ಭುಜ ಹಿಡಿದುಕೊಂಡಿರುತ್ತದೆ, ಅದರಲ್ಲಿಯೂ ಸಕ್ಕರೆ ಕಾಯಿಲೆ ಇರುವವರಿಗೆ ಈ ಅಪಾಯ ಹೆಚ್ಚು.

ಇನ್ನೊಂದು ಸಂಗತಿ ಹೇಳಿದರೆ ಜನ ನಂಬುವುದಿಲ್ಲ, ಆದರೂ ನಿಜ. ಒಂದು ಕೈ ಕಟ್ಟಿನಲ್ಲಿರುವಾಗ ಚೆನ್ನಾಗಿರುವ ಕೈಗೆ ಭಾರದ ವ್ಯಾಯಾಮ ಮಾಡಿಸಿದರೆ, ಕಟ್ಟಿನೊಳಗಿನ ಕೈಯ ಬಲವೂ ಒಂದಷ್ಟು ಉಳಿಯುತ್ತದೆ. ಮೆದುಳು ಮತ್ತು ನರಗಳು ಎರಡೂ ಕಡೆಗೆ ಕಲಿಯುವುದೇ ಇದಕ್ಕೆ ಕಾರಣ. ಕಾಲಿಗೂ ಇದು ಅನ್ವಯಿಸುತ್ತದೆ. ಆದ್ದರಿಂದ ಒಂದು ಲೀಟರ್ ನೀರಿನ ಬಾಟಲಿ ತುಂಬಿಸಿ, ಚೆನ್ನಾಗಿರುವ ಕೈಯಿಂದ ಎತ್ತಿ ಇಳಿಸಿ.

ಊಟ, ಚಹಾ, ಟಿವಿ ಮಲಗಿಕೊಂಡು ಬೇಡ, ಕುರ್ಚಿಯಲ್ಲಿ ಕುಳಿತು ಆಗಲಿ. ಆಸ್ಪತ್ರೆಯಲ್ಲಿಯೂ ಅಷ್ಟೆ. ಮೊಣಕಾಲಿನ ಕೀಲು ಬದಲಿಸಿದವರನ್ನು ಇಂದು ಶಸ್ತ್ರಚಿಕಿತ್ಸೆಯ ದಿನವೋ ಮರುದಿನವೋ ನಿಲ್ಲಿಸುತ್ತಾರೆ. ನರ್ಸ್ ಬಂದು ಎಬ್ಬಿಸಿದಾಗ "ನಾಳೆಗಿರಲಿ" ಎನ್ನಬೇಡಿ.

ಹಂತ 3: ಕಟ್ಟು ಬಿಚ್ಚಿದ ಮೇಲೆ

ಇಲ್ಲಿ ಕ್ರಮ ತಪ್ಪಬಾರದು. ಮೊದಲು ಕೀಲು ಸಡಿಲವಾಗಬೇಕು, ನಂತರ ಬಲ ಬರಬೇಕು, ಅದರ ಮೇಲೆ ಸಮತೋಲನ, ಕೊನೆಗೆ ವೇಗ ಮತ್ತು ಭಾರ. ನೋವು ಕಡಿಮೆಯಾಯಿತೆಂದು ಮೊದಲ ಮೆಟ್ಟಿಲಿನಿಂದ ನಾಲ್ಕನೆಯದಕ್ಕೆ ಹಾರುವವರೇ ಮತ್ತೆ ಮತ್ತೆ ಪೆಟ್ಟು ಮಾಡಿಕೊಳ್ಳುತ್ತಾರೆ.

ಮಣಿಕಟ್ಟಿನ ಉದಾಹರಣೆಯನ್ನೇ ನೋಡೋಣ. ಜಾರಿ ಬಿದ್ದಾಗ ಕೈ ಊರಿ ಮಣಿಕಟ್ಟು ಮುರಿದುಕೊಳ್ಳುವುದು ಐವತ್ತು ದಾಟಿದ ಹೆಂಗಸರಲ್ಲಿ ಬಹಳ ಸಾಮಾನ್ಯ. ಸಾಮಾನ್ಯವಾಗಿ ಐದಾರು ವಾರ ಪ್ಲಾಸ್ಟರ್ ಇರುತ್ತದೆ. ಬಿಚ್ಚಿದ ಮೇಲೆ ಮೊದಲ ವಾರ ಉಗುರುಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಕೈ ಇಟ್ಟು ಮಣಿಕಟ್ಟನ್ನು ಮೇಲೆ, ಕೆಳಗೆ, ಪಕ್ಕಕ್ಕೆ ಆಡಿಸಿ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಅಂಗೈಯನ್ನು ಮೇಲಕ್ಕೆ ತಿರುಗಿಸಿ, ಕೆಳಕ್ಕೆ ತಿರುಗಿಸಿ. ಎಲುಬು ಕೂಡಿದೆ ಎಂದು ವೈದ್ಯರು ಹೇಳಿದ ನಂತರ ಬಲದ ಕೆಲಸ ಶುರುವಾಗುತ್ತದೆ. ಇದಕ್ಕೆ ನಮ್ಮ ಅಡುಗೆಮನೆಗಿಂತ ಒಳ್ಳೆಯ ವ್ಯಾಯಾಮಶಾಲೆ ಇಲ್ಲ. ಒಂದು ಮುಷ್ಟಿ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ, ಮೊದಲು ಸಡಿಲವಾಗಿ ಕಲಸಿ, ಬೆರಳುಗಳಿಂದ ಮಾತ್ರ ಹಿಚುಕಿ. ನಾಲ್ಕೈದು ದಿನಗಳ ನಂತರ ಹಿಟ್ಟನ್ನು ಗಟ್ಟಿ ಮಾಡಿ, ಅಂಗೈಯ ಬುಡದಿಂದ ನಾದಿ. ಆಮೇಲೆ ರೊಟ್ಟಿ ಬಡಿಯುವುದು. ಬಡಿಯುವಾಗ ಅಂಗೈ ಚಪ್ಪಟೆಯಾಗಿ ಬೀಳಬೇಕು, ಕೈ ತಿರುಗಿಸುತ್ತಾ ಇರಬೇಕು, ಪ್ರತಿ ಏಟಿನ ಆಘಾತವನ್ನು ಮಣಿಕಟ್ಟು ತಡೆದುಕೊಳ್ಳಬೇಕು. ಹೀಗಾಗಿ ಅದು ಕೊನೆಯ ಪಾಠ. ಅರ್ಧ ರೊಟ್ಟಿ ಬಡಿದು ನಿಲ್ಲಿಸಿ, ಮರುದಿನ ಕೈ ಹೇಗಿದೆ ನೋಡಿ, ನಂತರ ಒಂದು ಪೂರ್ತಿ ರೊಟ್ಟಿ. ಇಡೀ ಮನೆಗೆ ರೊಟ್ಟಿ ಬಡಿಯುವಷ್ಟು ಬಲ ಬರಲು ಎರಡು ಮೂರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಮನೆಯ ಬೇರೆಯವರು ಬಡಿಯಲಿ, ಗಂಡಸರು ಕಲಿತರೆ ಇನ್ನೂ ಒಳ್ಳೆಯದು.

ಕಣಕಾಲು ಉಳುಕಿದ್ದರೆ, ಕುಳಿತು ಪಾದದ ಹೆಬ್ಬೆರಳಿನಿಂದ ಗಾಳಿಯಲ್ಲಿ ಕನ್ನಡದ ಅಕ್ಷರಮಾಲೆ ಬರೆಯಿರಿ. ನಂತರ ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತಿ ನಿಲ್ಲುವುದು, ಆಮೇಲೆ ಒಂದೇ ಕಾಲಿನ ಮೇಲೆ. ಒಮ್ಮೆ ಹೊರಳಿದ ಪಾದ ಮತ್ತೆ ಹೊರಳುವುದಕ್ಕೆ ಮುಖ್ಯ ಕಾರಣ ಸಮತೋಲನದ ಅಭ್ಯಾಸ ಬಿಟ್ಟುಬಿಡುವುದು. ಹಲ್ಲುಜ್ಜುವಾಗ ಒಂಟಿ ಕಾಲಿನ ಮೇಲೆ ಅರ್ಧ ನಿಮಿಷ ನಿಂತರೂ ಉಪಯೋಗವಿದೆ.

ನೋವನ್ನು ಅಳೆಯುವುದು ಹೇಗೆ? ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ವ್ಯಾಯಾಮ ಮಾಡುವಾಗ ಮೂರರವರೆಗಿನ ನೋವಿಗೆ ಹೆದರಬೇಡಿ. ನಾಲ್ಕೈದಕ್ಕೆ ಬಂದರೆ ಸಂಖ್ಯೆ ಅಥವಾ ಭಾರ ಇಳಿಸಿ. ಅದಕ್ಕಿಂತ ಹೆಚ್ಚಾದರೆ ನಿಲ್ಲಿಸಿ. ಇದಕ್ಕಿಂತ ನಂಬಬಹುದಾದ ಸಾಕ್ಷಿ ಮರುದಿನ ಬೆಳಗ್ಗೆ ಸಿಗುತ್ತದೆ. ಎದ್ದಾಗ ನೋವು, ಊತ ನಿನ್ನೆಯ ಬೆಳಗ್ಗಿನಷ್ಟೇ ಇದ್ದರೆ ನಿನ್ನೆ ಮಾಡಿದ್ದು ಸರಿಯಾದ ಪ್ರಮಾಣ. ಹೆಚ್ಚಿದ್ದರೆ ನಿನ್ನೆಯದು ಅತಿಯಾಯಿತು, ಇವತ್ತು ಅರ್ಧಕ್ಕೆ ಇಳಿಸಿ. ನೋವೇ ಇಲ್ಲದ ದಿನಕ್ಕಾಗಿ ಕಾಯುತ್ತಾ ಕುಳಿತವರು ಕಾಯುತ್ತಲೇ ಇರುತ್ತಾರೆ. ಹಲ್ಲು ಕಚ್ಚಿ ನೋವು ನುಂಗಿ ಮಾಡುವವರು ಮತ್ತೆ ಹಾಸಿಗೆ ಸೇರುತ್ತಾರೆ.

ಹಂತ 4: ವಾಕಿಂಗಿಗೆ ಮರಳುವುದು

ಬಿಡುವು ಎರಡು ವಾರ ದಾಟಿದ್ದರೆ, ಮೊದಲು ಮಾಡುತ್ತಿದ್ದುದರ ಅರ್ಧದಿಂದ ಆರಂಭಿಸಿ. ಎರಡು ತಿಂಗಳು ದಾಟಿದ್ದರೆ ಕಾಲು ಭಾಗ ಸಾಕು. ಮುಂಚೆ ಅಪ್ಪನ ಕೆರೆಯ ಸುತ್ತ ಮುಕ್ಕಾಲು ಗಂಟೆ ನಡೆಯುತ್ತಿದ್ದವರು ಮೊದಲ ವಾರ ಮನೆಯ ಓಣಿಯಲ್ಲಿಯೇ ಹತ್ತು ಹನ್ನೆರಡು ನಿಮಿಷ ನಡೆಯಲಿ. ಓಣಿಯಲ್ಲಿ ನಡೆದರೆ ದಣಿವಾದಾಗ ಮನೆ ಹತ್ತಿರವಿರುತ್ತದೆ. ಕೆರೆಯ ಆ ದಂಡೆಯಲ್ಲಿ ನೋವು ಬಂದರೆ ಅಷ್ಟೂ ದೂರ ಕುಂಟಿಕೊಂಡೇ ಬರಬೇಕು. ವಾರದಿಂದ ವಾರಕ್ಕೆ ಹತ್ತಿಪ್ಪತ್ತು ಪ್ರತಿಶತದಷ್ಟು ಮಾತ್ರ ಏರಿಸಿ. ಒಂದು ವಾರ ಸಮಯ ಏರಿಸಿದರೆ ಅದೇ ವಾರ ವೇಗ ಏರಿಸಬೇಡಿ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕು. ಮಧ್ಯಮ ವೇಗವೆಂದರೆ, ನಡೆಯುತ್ತಾ ಮಾತನಾಡಬಹುದು, ಆದರೆ ಹಾಡಲು ಉಸಿರು ಸಾಲದು. ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲದ ವ್ಯಾಯಾಮ, 65 ದಾಟಿದವರಿಗೆ ಅದರ ಜೊತೆಗೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸ ಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ನಮ್ಮ ಊರಿನಲ್ಲಿ ಮೊದಲನೆಯದನ್ನು ಪಾಲಿಸುವವರು ಸಾಕಷ್ಟಿದ್ದಾರೆ. ಬೆಳಗ್ಗೆ ಪಬ್ಲಿಕ್ ಗಾರ್ಡನ್‌ಗೋ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೋ ಹೋದರೆ ಮಫ್ಲರ್ ಸುತ್ತಿಕೊಂಡು ನಡೆಯುವ ಹಿರಿಯರು ಕಾಣಿಸುತ್ತಾರೆ, ನೋಡಿದರೆ ಸಂತೋಷವಾಗುತ್ತದೆ. ಆದರೆ ಅವರಲ್ಲಿ ಎಷ್ಟೋ ಜನ ನಡೆದು ಮುಗಿಸಿ, ಕಟ್ಟೆಯ ಮೇಲಿಂದ ಏಳುವಾಗ ಎರಡೂ ಕೈ ಊರುತ್ತಾರೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಸಕ್ಕರೆಗೆ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು. ತೊಡೆಯ ಬಲವನ್ನು ಅದೊಂದೇ ಉಳಿಸಲಾರದು.

ಹಂತ 5: ಏಳುವುದು, ಕೂರುವುದು, ಬೀಳದಿರುವುದು

ಈ ಭಾಗವನ್ನು ದಯವಿಟ್ಟು ಓದಿ ಬಿಡಬೇಡಿ, ಮಾಡಿ ನೋಡಿ. ನೆಲದ ಮೇಲೆ ಕುಳಿತು ಉಣ್ಣುವುದು, ದೇವಸ್ಥಾನದಲ್ಲಿ ನಮಸ್ಕರಿಸಿ ಏಳುವುದು, ಮಸೀದಿಯಲ್ಲಿ ನಮಾಜು ಮಾಡುವುದು, ಬಸ್ಸಿನ ಎತ್ತರದ ಮೊದಲ ಮೆಟ್ಟಿಲು ಹತ್ತುವುದು, ಶೌಚಾಲಯದಲ್ಲಿ ಕುಕ್ಕುರುಗಾಲಿನಲ್ಲಿ ಕೂರುವುದು, ಇವೆಲ್ಲವೂ ನಿಂತಿರುವುದು ತೊಡೆ ಮತ್ತು ಪೃಷ್ಠದ ಬಲದ ಮೇಲೆ. ಇದು ಹೋದ ದಿನ ಮನುಷ್ಯ ಇನ್ನೊಬ್ಬರ ಕೈಗೆ ಬೀಳುತ್ತಾನೆ.

ಮೊದಲು ಪರೀಕ್ಷೆ. ಗೋಡೆಗೆ ತಾಗಿಸಿದ ಗಟ್ಟಿ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ಕೂರುತ್ತೀರಿ ಎಂದು ಮನೆಯವರಿಗೆ ಎಣಿಸಲು ಹೇಳಿ. 60ರಿಂದ 64ರ ಗಂಡಸರು 14ಕ್ಕಿಂತ ಕಡಿಮೆ, ಹೆಂಗಸರು 12ಕ್ಕಿಂತ ಕಡಿಮೆ ಮಾಡಿದರೆ ಬಲ ಸರಾಸರಿಗಿಂತ ಕೆಳಗಿದೆ ಎಂದರ್ಥ. 70ರಿಂದ 74ರವರಿಗೆ ಈ ಗೆರೆ ಗಂಡಸರಿಗೆ 12, ಹೆಂಗಸರಿಗೆ 10. ಇನ್ನೊಂದು ಪರೀಕ್ಷೆ: ಗೋಡೆಯ ಪಕ್ಕ ನಿಂತು, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಹೆಬ್ಬೆರಳಿಗೆ ತಾಗಿಸಿ ಒಂದೇ ಗೆರೆಯಲ್ಲಿ ಹತ್ತು ಸೆಕೆಂಡ್ ನಿಲ್ಲಿ. ನಿಲ್ಲಲಾಗದಿದ್ದರೆ ಬೀಳುವ ಅಪಾಯ ಹೆಚ್ಚಿದೆ, ಅಭ್ಯಾಸವನ್ನು ಇಂದೇ ಶುರು ಮಾಡಿ.

ಪರೀಕ್ಷೆಯೇ ವ್ಯಾಯಾಮವೂ ಹೌದು. ಕುರ್ಚಿಯ ಅಂಚಿಗೆ ಸರಿದು ಕುಳಿತು, ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಿ. ಮೂಗು ಕಾಲ್ಬೆರಳುಗಳ ಮೇಲೆ ಬರುವಷ್ಟು ಮುಂದಕ್ಕೆ ಬಾಗಿ, ಹಿಮ್ಮಡಿ ಒತ್ತಿ ಎದ್ದು ನಿಲ್ಲಿ. ಕೂರುವಾಗ ದೊಪ್ಪನೆ ಬೀಳದೆ, ಮೂರು ಎಣಿಸುತ್ತಾ ನಿಧಾನವಾಗಿ ಇಳಿಯಿರಿ. ಬಲ ಬೆಳೆಯುವುದು ಈ ಇಳಿಯುವಿಕೆಯಲ್ಲಿಯೇ ಹೆಚ್ಚು. ಎಂಟರಿಂದ ಹತ್ತು ಬಾರಿ ಮಾಡಿ, ಎರಡು ನಿಮಿಷ ಬಿಟ್ಟು ಇನ್ನೊಂದು ಸುತ್ತು. ದಿನ ಬಿಟ್ಟು ದಿನ ಮಾಡಿದರೆ ಸಾಕು. ಹತ್ತು ಬಾರಿ ಸುಲಭವಾದಾಗ ಎತ್ತರ ಇಳಿಸಿ: ಕುರ್ಚಿಯಿಂದ ಮಂಚಕ್ಕೆ, ಮಂಚದಿಂದ ಸಣ್ಣ ಸ್ಟೂಲಿಗೆ, ಸ್ಟೂಲಿನಿಂದ ಮಣೆಗೆ. ನಮ್ಮ ಗರಡಿಗಳಲ್ಲಿ ಪೈಲ್ವಾನರು ಹೊಡೆಯುವ ಬೈಠಕ್ಕಿನ ಹಿರಿಯರ ರೂಪವೇ ಇದು. ದಂಡಕ್ಕೂ ಅಂಥದೇ ರೂಪವಿದೆ: ಗೋಡೆಗೆ ಕೈ ಊರಿ, ಮೊಣಕೈ ಮಡಿಸಿ, ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದಕ್ಕೆ ತಳ್ಳುವುದು. ಇವೆರಡರ ಜೊತೆಗೆ ಹಿಮ್ಮಡಿ ಎತ್ತಿ ನಿಲ್ಲುವುದು, ಬಾಟಲಿ ತುಂಬಿದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಪಡಸಾಲೆಯಲ್ಲಿ ನಡೆಯುವುದು ಸೇರಿದರೆ ಮನೆಯ ತಾಲೀಮು ಮುಗಿಯಿತು. ಮಾಡುವಾಗ ಉಸಿರು ಬಿಗಿಹಿಡಿಯಬೇಡಿ, ಏಳುವಾಗ ಉಸಿರು ಬಿಡಿ.

"ಮೊಣಕಾಲು ಸವೆದಿದೆ, ಹೀಗೆ ಎದ್ದು ಕೂತರೆ ಇನ್ನಷ್ಟು ಸವೆಯುವುದಿಲ್ಲವೇ?" ಎಂದು ಬಹಳ ಜನ ಕೇಳುತ್ತಾರೆ. ಇಲ್ಲ. ಎಕ್ಸ್-ರೇಯಲ್ಲಿ ಕಾಣುವ ಸವೆತಕ್ಕೂ ನೋವಿಗೂ ನೇರ ಸಂಬಂಧವಿಲ್ಲ. ಸವೆತ ಹೆಚ್ಚಿದ್ದೂ ಹೊಲದಲ್ಲಿ ದುಡಿಯುವವರಿದ್ದಾರೆ. ತೊಡೆಯ ಬಲ ಹೆಚ್ಚಿದಂತೆ ಮೊಣಕಾಲಿನ ನೋವು ತಗ್ಗುತ್ತದೆ, ಇಂಥ ಸವೆತದ ಸಂಧಿವಾತಕ್ಕೆ ವ್ಯಾಯಾಮವೇ ಮೊದಲ ಚಿಕಿತ್ಸೆ. ತೂಕ ಹೆಚ್ಚಿರುವವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ನೋವಿರುವಾಗ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಹೆಚ್ಚಿಸಿಕೊಳ್ಳಿ, ಆದರೆ ಬಿಡಬೇಡಿ. ಕೀಲು ಬದಲಿಸಿಕೊಂಡವರು ಮಾತ್ರ ಕುಕ್ಕುರುಗಾಲು, ಚಕ್ಕಳಮಕ್ಕಳದ ವಿಷಯದಲ್ಲಿ ತಮ್ಮ ಶಸ್ತ್ರಚಿಕಿತ್ಸಕರನ್ನು ಕೇಳಿಯೇ ಮುಂದುವರಿಯಬೇಕು. ಎಲುಬು ಟೊಳ್ಳಾಗಿದೆ ಎಂದು ವೈದ್ಯರು ಹೇಳಿದ್ದರೆ ಸೊಂಟ ಬಾಗಿಸಿ ಭಾರ ಎತ್ತುವುದು, ಬಗ್ಗಿ ಪಾದ ಮುಟ್ಟುವುದು ಬೇಡ.

ಇನ್ನು ನೆಲದಿಂದ ಏಳುವ ವಿದ್ಯೆ. ಬಿದ್ದ ಹಿರಿಯರಿಗೆ ಎಷ್ಟೋ ಬಾರಿ ಎಲುಬು ಮುರಿದಿರುವುದಿಲ್ಲ. ಆದರೆ ಏಳುವುದು ಗೊತ್ತಿಲ್ಲದೆ ಗಂಟೆಗಟ್ಟಲೆ ತಣ್ಣನೆಯ ನೆಲದ ಮೇಲೆ ಬಿದ್ದಿರುತ್ತಾರೆ. ಬೀಳುವ ಮೊದಲೇ, ಚಾಪೆಯ ಮೇಲೆ, ಮನೆಯವರು ಹತ್ತಿರ ಇರುವಾಗ ಅಭ್ಯಾಸ ಮಾಡಿಸಿ. ಮೊದಲು ಗಾಬರಿಯಾಗದೆ ಎರಡು ಉಸಿರು ತೆಗೆದುಕೊಂಡು ಕೈಕಾಲು ಆಡಿಸಿ ನೋಡಬೇಕು. ತೊಡೆಸಂದಿಯಲ್ಲಿ ತೀವ್ರ ನೋವಿದ್ದರೆ ಏಳುವ ಪ್ರಯತ್ನ ಬೇಡ, ಕೂಗಿ ಕರೆಯಬೇಕು. ನೋವಿಲ್ಲದಿದ್ದರೆ ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಅಲ್ಲಿಂದ ಅಂಗೈ ಮತ್ತು ಮೊಣಕಾಲುಗಳ ಮೇಲೆ ಬರಬೇಕು. ಅಂಬೆಗಾಲಿಟ್ಟು ಮಂಚದ ಹತ್ತಿರ ಹೋಗಿ, ಎರಡೂ ಕೈಗಳನ್ನು ಅದರ ಮೇಲೆ ಊರಿ, ಬಲವಾಗಿರುವ ಕಾಲಿನ ಪಾದವನ್ನು ಮುಂದೆ ಇಟ್ಟು, ಕೈ ಮತ್ತು ಕಾಲು ಒಟ್ಟಿಗೆ ಒತ್ತಿ ಎದ್ದು, ತಿರುಗಿ ಮಂಚದ ಮೇಲೆ ಕೂರಬೇಕು. ತಕ್ಷಣ ನಡೆಯದೆ ಸ್ವಲ್ಪ ಹೊತ್ತು ಕುಳಿತಿರಬೇಕು. ಇದಕ್ಕೆ ಪ್ಲಾಸ್ಟಿಕ್ ಕುರ್ಚಿಯನ್ನು ನಂಬಬೇಡಿ, ನುಣುಪಾದ ಪರಸಿಯ ಮೇಲೆ ಅದು ಸರ್ರನೆ ಜಾರುತ್ತದೆ.

ಪರಸಿಯ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಜಿಲ್ಲೆಯ ಶಹಾಬಾದ್ ಕಲ್ಲು ಬೇಸಿಗೆಯಲ್ಲಿ ತಂಪು, ಬಾಳಿಕೆಯೂ ಬಹಳ. ಆದರೆ ವರ್ಷಗಟ್ಟಲೆ ಓಡಾಡಿ ನುಣುಪಾದ ಕಲ್ಲಿನ ಮೇಲೆ ಸಾಬೂನಿನ ನೀರು ಬಿದ್ದರೆ ಅಷ್ಟೇ ಅಪಾಯ. ಬಚ್ಚಲಿನಲ್ಲಿ ರಬ್ಬರ್ ಮ್ಯಾಟ್ ಹಾಕಿ, ಗೋಡೆಗೆ ಹಿಡಿಕೆ ಕೂರಿಸಿ, ರಾತ್ರಿ ಶೌಚಕ್ಕೆ ಹೋಗುವ ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ. ಸವೆದ ಹವಾಯಿ ಚಪ್ಪಲಿಯನ್ನು ಇಂದೇ ಎಸೆಯಿರಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಹಾಸಿಗೆಯಿಂದ ಎದ್ದು ಕುಳಿತು, ಒಂದು ನಿಮಿಷ ಬಿಟ್ಟು ನಿಲ್ಲಬೇಕು.

ಹಂತ 6: ಕಾಯಿಲೆ ಇದ್ದರೆ

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ದೂರ ನಡೆಯಬಾರದು. ಕಿಸೆಯಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲಿ. ನಡೆದು ಬಂದ ಮೇಲೆ ಪಾದದ ಅಡಿಯನ್ನು ಕನ್ನಡಿ ಹಿಡಿದು ನೋಡಿ. ಸ್ಪರ್ಶ ಕಡಿಮೆಯಾದ ಪಾದಕ್ಕೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಹೃದಯಕ್ಕೆ ಮೆಟೊಪ್ರೊಲಾಲ್‌ನಂಥ ಔಷಧಿ ತೆಗೆದುಕೊಳ್ಳುವವರಲ್ಲಿ ನಾಡಿ ಬಡಿತ ಅಷ್ಟಾಗಿ ಏರುವುದಿಲ್ಲವಾದ್ದರಿಂದ ಕೈಗಡಿಯಾರ ತೋರಿಸುವ ಸಂಖ್ಯೆಯನ್ನು ನಂಬದೆ ಹಂತ 4ರಲ್ಲಿ ಹೇಳಿದ ಮಾತು-ಹಾಡಿನ ಪರೀಕ್ಷೆಯನ್ನೇ ನಂಬಿ. ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು ತಮ್ಮ ಹೃದ್ರೋಗ ತಜ್ಞರಿಂದ ಎಷ್ಟು ನಡೆಯಬಹುದೆಂದು ಬರೆಯಿಸಿಕೊಳ್ಳಬೇಕು. ಅದಕ್ಕಾಗಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕಿಲ್ಲ, ಜಯದೇವ ಸಂಸ್ಥೆಯ ಆಸ್ಪತ್ರೆ ಕಲಬುರಗಿಯಲ್ಲಿಯೇ ಇದೆ. ಲಕ್ವ ಹೊಡೆದವರ ವಿಷಯದಲ್ಲಿ ಒಂದೇ ಮಾತು: ಸೋತ ಕೈಯನ್ನು ಮಡಿಲಲ್ಲಿ ಬಿಟ್ಟುಬಿಡಬೇಡಿ, ಪ್ರತಿ ಕೆಲಸದಲ್ಲಿಯೂ ಅದಕ್ಕೊಂದು ಪಾಲು ಕೊಡಿ.

ನಡೆಯುವಾಗ ಎದೆ ಬಿಗಿದರೆ, ದವಡೆಗೆ ಅಥವಾ ಎಡಗೈಗೆ ನೋವು ಹರಿದರೆ, ತಲೆ ಸುತ್ತಿದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಅದನ್ನು ಗ್ಯಾಸ್ ಎಂದು ತಳ್ಳಿಹಾಕಬೇಡಿ.

ಹಂತ 7: ನಮ್ಮ ಬಿಸಿಲು, ನಮ್ಮ ತಾಟು

ಹೋಳಿಯ ನಂತರ ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಬಿಸಿಲು ಏರಲು ಶುರುವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಆ ದಿನಗಳಲ್ಲಿ ಬೆಳಗ್ಗೆ ಏಳರೊಳಗೆ ನಡಿಗೆ ಮುಗಿಯಲಿ. ಸಂಜೆ ಸೂರ್ಯ ಮುಳುಗಿದರೂ ಡಾಂಬರು ರಸ್ತೆ ಬಹಳ ಹೊತ್ತು ಕಾವು ಉಗುಳುತ್ತಿರುತ್ತದೆ, ಆದ್ದರಿಂದ ಬೆಳಗ್ಗೆಯೇ ಲೇಸು. ಹಿರಿಯರಿಗೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ, ಹೊರಡುವ ಮುಂಚೆಯೇ ನೀರು ಕುಡಿಯಲಿ, ಬಂದ ಮೇಲೆ ಮಜ್ಜಿಗೆಯೋ ಅಂಬಲಿಯೋ ಆಗಲಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಇರುವವರು ಆ ಮಿತಿ ಮೀರಬಾರದು. ತೀರಾ ಬಿಸಿ ಇರುವ ವಾರಗಳಲ್ಲಿ ಮನೆಯೊಳಗಿನ ತಾಲೀಮು ಮಾತ್ರ ಸಾಕು.

ಬಲ ಕಟ್ಟಲು ಪ್ರೋಟೀನ್ ಬೇಕು. ಹಿರಿಯರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಬೇಕು, ಅಂದರೆ 60 ಕಿಲೋ ತೂಕದವರಿಗೆ 60ರಿಂದ 72 ಗ್ರಾಂ. ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿ. ತೊಗರಿಯ ಕಣಜದಲ್ಲಿ ಇದ್ದೇವೆ, ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ನೂರು ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಆದರೂ ವಯಸ್ಸಾದವರ ತಾಟಿನಲ್ಲಿ ತೆಳು ಸಾರು ಮಾತ್ರ ಕಾಣುತ್ತದೆ. ಗಟ್ಟಿ ಬೇಳೆ ಬಡಿಸಿ. ಹಲ್ಲಿಲ್ಲದವರಿಗೆ ರೊಟ್ಟಿಯನ್ನು ಬೇಳೆಯಲ್ಲಿಯೇ ನೆನೆಸಿ ಕೊಡಿ, ಮೊಸರಿಗೆ ಶೇಂಗಾ ಹಿಂಡಿ (ಚಟ್ನಿಪುಡಿ) ಕಲಸಿ. ತಿನ್ನುವವರಾದರೆ ಒಂದು ಮೊಟ್ಟೆಯಿಂದ 6 ಗ್ರಾಂ ಸಿಗುತ್ತದೆ.

ಹಂತ 8: ಮನೆಯವರ ಕೆಲಸ

ಮುತ್ಯಾ ಕೇಳಿದ ತಕ್ಷಣ ನೀರಿನ ತಂಬಿಗೆ ಕೈಗೆ ತಂದುಕೊಡುವ ಮೊಮ್ಮಕ್ಕಳು ಒಳ್ಳೆಯ ಮಕ್ಕಳು. ಆದರೆ ಮುತ್ಯಾ ತಾನೇ ಎದ್ದು ಹೋಗಬಲ್ಲವರಾಗಿದ್ದರೆ ಜೊತೆಗೆ ನಡೆದು ಹೋಗುವುದೇ ಹೆಚ್ಚಿನ ಸೇವೆ. ಗೋಡೆಯ ಕ್ಯಾಲೆಂಡರಿನಲ್ಲಿ ತಾಲೀಮು ಮಾಡಿದ ದಿನಕ್ಕೆ ಗುರುತು ಹಾಕಿ. ಮದುವೆ, ಜ್ವರ, ಊರಿನ ಪ್ರಯಾಣ ಬಂದು ವಾರ ತಪ್ಪಿದರೆ ಮತ್ತೆ ಅರ್ಧದಿಂದ ಶುರು ಮಾಡಿ, ಹಿಂದಿನ ಮಟ್ಟ ಮೊದಲ ಸಲಕ್ಕಿಂತ ಬೇಗ ಬರುತ್ತದೆ. ಹಳೆಯ ನೋವು ಕೆರಳಿದರೆ ಎರಡು ಮೂರು ದಿನ ಹಂತ 2ರ ಕೆಲಸಕ್ಕೆ ಇಳಿದು, ಮತ್ತೆ ಮೇಲೇರಿ. ಎರಡು ವಾರವಾದರೂ ತಗ್ಗದಿದ್ದರೆ ತೋರಿಸಿಕೊಳ್ಳಿ.

ಕೋಲು ಹಿಡಿಯುವವರಿದ್ದರೆ ಅದನ್ನೂ ಒಮ್ಮೆ ಪರೀಕ್ಷಿಸಿ. ಕೈ ಇಳಿಬಿಟ್ಟು ನೆಟ್ಟಗೆ ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ನೋಯುವ ಕಾಲು ಬಲಗಡೆಯದಾದರೆ ಕೋಲು ಎಡಗೈಯಲ್ಲಿರಬೇಕು, ನೋಯುವ ಕಾಲಿನ ಜೊತೆಗೇ ಮುಂದೆ ಹೋಗಬೇಕು. ಮೆಟ್ಟಿಲು ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋಯುವ ಕಾಲು ಮೊದಲು. ತುದಿಯ ರಬ್ಬರ್ ಸವೆದು ನುಣುಪಾಗಿದ್ದರೆ ಹೊಸದನ್ನು ಹಾಕಿಸಿ, ಆಸ್ಪತ್ರೆಗಳ ಬಳಿಯ ಸರ್ಜಿಕಲ್ ಅಂಗಡಿಗಳಲ್ಲಿ ಅದು ಬಿಡಿಯಾಗಿ ಸಿಗುತ್ತದೆ.